ಚಳಿಗಾಲಕ್ಕೆ ಗುಲಾಬಿ ಗಿಡ ಉಳಿಸೋದು ಹೇಗೆ: ಮಣ್ಣು ಏರಿಸೋದೋ, ಮಲಗಿಸೋದೋ, ಗಿಡವನ್ನೇ ಬದಲಾಯಿಸೋದೋ?

ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿರುವ ಮಿನಿಯಾಪೊಲಿಸ್ ಪಕ್ಕದ ಊರಿಗೆ ಬಂದ ಮೊದಲ ವರ್ಷ ನಾನು ಅಕ್ಟೋಬರ್‌ನಲ್ಲಿ ಗುಲಾಬಿಗೆ ಕತ್ತರಿ ಹಾಕಿದೆ. ಮೈಸೂರಿನಲ್ಲಿ ಅಮ್ಮ ಮಾಡುತ್ತಿದ್ದದ್ದೇ ಅದು. ದಸರಾ ಮುಗಿದ ಮೇಲೆ ಒಂದು ದಿನ ಗಿಡಗಳನ್ನೆಲ್ಲ ಮೊಣಕಾಲೆತ್ತರಕ್ಕೆ ಕತ್ತರಿಸಿ, ಬುಡ ಬಿಡಿಸಿ, ಕೊಟ್ಟಿಗೆ ಗೊಬ್ಬರ ಹಾಕಿ ನೀರು ಬಿಟ್ಟರೆ ಸಂಕ್ರಾಂತಿ ಹೊತ್ತಿಗೆ ಕೈ ತುಂಬ ಹೂವು. ನಾನೂ ಹಾಗೇ ಮಾಡಿದೆ. ಆ ವರ್ಷ ಅಕ್ಟೋಬರ್ ಸ್ವಲ್ಪ ಬೆಚ್ಚಗಿತ್ತು, ಎರಡು ವಾರಕ್ಕೆ ಕೆಂಪು ಚಿಗುರು ಬಂದೇಬಿಟ್ಟಿತು. ಫೋಟೋ ತೆಗೆದು ಕಳಿಸಿದರೆ ಅಮ್ಮ "ನೋಡು, ನನ್ನ ಕೈಗುಣ ನಿನಗೂ ಬಂದಿದೆ" ಅಂದರು.

ನವೆಂಬರ್‌ನಲ್ಲಿ ಒಂದು ರಾತ್ರಿ ಸಾಕಾಯಿತು. ಬೆಳಿಗ್ಗೆ ಎದ್ದು ನೋಡಿದರೆ ಚಿಗುರೆಲ್ಲ ಬೇಯಿಸಿದ ದಂಟಿನ ಸೊಪ್ಪಿನ ಹಾಗೆ ಕಪ್ಪಾಗಿ ಜೋತುಬಿದ್ದಿತ್ತು. ಏಪ್ರಿಲ್ ಬರುವಷ್ಟರಲ್ಲಿ ಐದರಲ್ಲಿ ನಾಲ್ಕು ಗಿಡ ಒಣಕಲು ಕಡ್ಡಿ.

ತಪ್ಪು ಅಮ್ಮನದಲ್ಲ. ಬೆಂಗಳೂರಿನ ಚಳಿಯ ದಾಖಲೆ ಅಂದರೆ 1884ರ ಜನವರಿ 13ರಂದು 7.8 ಡಿಗ್ರಿ ಸೆಲ್ಸಿಯಸ್. ಮೈಸೂರಿನ ಚಳಿಯೂ ಹೆಚ್ಚುಕಮ್ಮಿ ಅದೇ ಬಗೆಯದು. ಮಿನಿಯಾಪೊಲಿಸ್‌ನಲ್ಲಿ 2019ರ ಜನವರಿ 30ರಂದು ಸೊನ್ನೆಗಿಂತ 33 ಡಿಗ್ರಿ ಕೆಳಗೆ ಹೋಗಿತ್ತು. ಅಲ್ಲಿ ಚಳಿಗಾಲ ಗುಲಾಬಿಗೆ ಹಬ್ಬ, ಇಲ್ಲಿ ಗಂಡಾಂತರ. ಅಲ್ಲಿನ ಪಂಚಾಂಗ ಇಲ್ಲಿ ನಡೆಯುವುದಿಲ್ಲ.

ಆಮೇಲಿನ ವರ್ಷಗಳಲ್ಲಿ ಇಲ್ಲಿನವರು ಮಾಡುವ ಉಪಾಯಗಳನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದ್ದೇನೆ. ಕೆಲವು ಕೈ ಹಿಡಿದವು, ಕೆಲವು ಕೈ ಕೊಟ್ಟವು. ಚಿಕಾಗೊ, ಟೊರೊಂಟೊ, ಬಫಲೊ ಕಡೆಯ ಗೆಳತಿಯರು ಪ್ರತಿ ಸೆಪ್ಟೆಂಬರ್‌ನಲ್ಲೂ "ಯಾವುದು ಮಾಡಲಿ ಹೇಳು" ಅಂತ ಕೇಳುತ್ತಾರೆ. ಅದಕ್ಕೇ ಇಲ್ಲಿ ಎಲ್ಲ ಒಟ್ಟಿಗೆ ಬರೆಯುತ್ತಿದ್ದೇನೆ.

ಹೊದಿಸೋದು ಬೆಚ್ಚಗಿಡೋಕಲ್ಲ

ಇದೊಂದು ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ. ನಾವು ಸ್ವೆಟರ್ ಹಾಕಿಕೊಂಡರೆ ಮೈಯ ಶಾಖ ಒಳಗೇ ಉಳಿಯುತ್ತದೆ. ಗಿಡಕ್ಕೆ ಅಂಥ ಶಾಖ ಎಲ್ಲಿದೆ? ಕಂಬಳಿ ಹೊದಿಸಿದರೂ ಅದು ಬೆಚ್ಚಗಾಗುವುದಿಲ್ಲ. ಹೊದಿಕೆಯ ಕೆಲಸ ಬೇರೆಯೇ. ಒಂದು, ಮಣ್ಣಿನೊಳಗಿನ ಅಲ್ಪಸ್ವಲ್ಪ ಶಾಖ ಬುಡದ ಸುತ್ತ ನಿಲ್ಲಬೇಕು. ಇನ್ನೊಂದು, ಚಳಿ ಒಂದೇ ಸಮ ಇರಬೇಕು.

ಗುಲಾಬಿ ಸಾಯುವುದು ಹೆಚ್ಚಾಗಿ ಫೆಬ್ರವರಿ, ಮಾರ್ಚ್‌ನಲ್ಲಿ. ಮಧ್ಯಾಹ್ನ ಬಿಸಿಲು ಕಾಯುತ್ತದೆ, ಕಡ್ಡಿಯ ಒಳಗಿನ ನೀರು ಕರಗುತ್ತದೆ. ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ನಾಲ್ಕಾರು ಸಲ ಹೀಗಾದರೆ ತೊಗಟೆ ಸೀಳುತ್ತದೆ. ಮಣ್ಣೂ ಹಾಗೇ ಉಬ್ಬಿ ಇಳಿದು ಎಳೆ ಗಿಡದ ಬೇರನ್ನೇ ಮೇಲಕ್ಕೆ ಎತ್ತಿಬಿಡುತ್ತದೆ. ಜೊತೆಗೆ ಒಣಗಾಳಿ. ಗಾಳಿ, ಬಿಸಿಲು ಎರಡೂ ಕಡ್ಡಿಯ ತೇವ ಹೀರುತ್ತಿರುತ್ತವೆ. ಕೆಳಗೆ ಮಣ್ಣು ಕಲ್ಲಾಗಿರುವುದರಿಂದ ಬೇರು ನೀರು ಕೊಡಲಾರದು. ಸುತ್ತ ಹಿಮ ಬಿದ್ದಿದ್ದರೂ ಗಿಡ ಬಾಯಾರಿ ಸಾಯುತ್ತದೆ ಅಂದರೆ ಅಮ್ಮ ಇವತ್ತಿಗೂ ನಂಬುವುದಿಲ್ಲ.

ಮೂರನೆಯದು ನಾನು ಮಾಡಿದ ತಪ್ಪು. ಗಿಡ ನಿದ್ದೆಗೆ ಹೋಗಬೇಕಾದ ಹೊತ್ತಿನಲ್ಲಿ ಅದನ್ನು ಎಬ್ಬಿಸುವುದು. ಆಗಸ್ಟ್ ಮಧ್ಯದ ಮೇಲೆ ಗೊಬ್ಬರ ನಿಲ್ಲಿಸಬೇಕು, ಯೂರಿಯಾದಂಥ ಸಾರಜನಕದ ಗೊಬ್ಬರವನ್ನಂತೂ ಮುಟ್ಟಲೇಬಾರದು. ಸೆಪ್ಟೆಂಬರ್ ಬಂದ ಮೇಲೆ ಬಾಡಿದ ಹೂವನ್ನು ಕತ್ತರಿಸದೆ ಗಿಡದಲ್ಲೇ ಬಿಡಬೇಕು. ಅದು ಕಾಯಿ ಕಟ್ಟಿ ಕೆಂಪಗಾಗುತ್ತದೆ. ಕಾಯಿ ಕಟ್ಟಿದ ಗಿಡಕ್ಕೆ "ಈ ವರ್ಷದ ಕೆಲಸ ಮುಗಿಯಿತು" ಅಂತ ಗೊತ್ತಾಗುತ್ತದೆ, ಚಿಗುರುವುದು ನಿಲ್ಲಿಸುತ್ತದೆ. ನೀರು ಮಾತ್ರ ನಿಲ್ಲಿಸಬೇಡಿ. ಮಣ್ಣು ಹೆಪ್ಪುಗಟ್ಟುವ ತನಕ ಕೊಡುತ್ತಲೇ ಇರಿ.

ಹಿಮ ಶತ್ರುವಲ್ಲ, ಅದೇ ಅತ್ಯುತ್ತಮ ಹೊದಿಕೆ. ಒಂದೂವರೆ ಅಡಿ ಹಿಮ ಡಿಸೆಂಬರ್‌ನಲ್ಲೇ ಬಿದ್ದು ಮಾರ್ಚ್ ತನಕ ಕೂತರೆ ಗುಲಾಬಿಯವರಿಗೆ ಅದಕ್ಕಿಂತ ಭಾಗ್ಯ ಬೇಡ. ಹಿಮವಿಲ್ಲದೆ ಬರೀ ಕೊರೆಯುವ ಚಳಿ ಇರುವ ವರ್ಷವೇ ಅಪಾಯದ್ದು.

ಮೊದಲು ನಿಮ್ಮ ಗಿಡ ಯಾವುದು ನೋಡಿ

ಹೇಗೆ ಮುಚ್ಚಬೇಕು ಅನ್ನುವ ಪ್ರಶ್ನೆ ಆಮೇಲೆ. ಮುಚ್ಚಲೇಬೇಕಾದ ಗಿಡವೋ ಅಲ್ಲವೋ ಅನ್ನುವುದು ಮೊದಲು.

ಹೂವಿನ ಅಂಗಡಿಯಲ್ಲಿ ಉದ್ದ ಕಡ್ಡಿಗೆ ಒಂದೇ ದೊಡ್ಡ ಹೂವು ಇರುತ್ತದಲ್ಲ, ಅದು ಹೈಬ್ರಿಡ್ ಟೀ. ಪೀಸ್, ಮಿಸ್ಟರ್ ಲಿಂಕನ್, ಡಬಲ್ ಡಿಲೈಟ್ ಎಲ್ಲ ಈ ಜಾತಿ. ನಮ್ಮ ಮನಸ್ಸಿನಲ್ಲಿ "ಗುಲಾಬಿ" ಅಂದರೆ ಇದೇ. ಚಳಿಗೆ ಅತಿ ಮೆದು ಕೂಡ ಇದೇ. ಸೊನ್ನೆಗಿಂತ 10-12 ಡಿಗ್ರಿ ಕೆಳಗೆ ಹೋದರೆ ಇದರ ಕಡ್ಡಿ ಕಪ್ಪಾಗತೊಡಗುತ್ತದೆ. ಗೊಂಚಲು ಬಿಡುವ ಫ್ಲೋರಿಬಂಡಾ ಒಂದು ಕೈ ಮೇಲು, ಆದರೆ ಮುಚ್ಚದೆ ಬಿಡುವ ಹಾಗಿಲ್ಲ.

ಇವುಗಳಲ್ಲಿ ಹೆಚ್ಚಿನವು ಕಸಿ ಗಿಡಗಳು. ಬುಡದಲ್ಲಿ ಮುಷ್ಟಿಯಂಥ ಒಂದು ಗಂಟು ಇರುತ್ತದೆ. ಗಂಟಿನ ಮೇಲಿರುವುದು ನೀವು ದುಡ್ಡು ಕೊಟ್ಟ ಗುಲಾಬಿ, ಕೆಳಗಿರುವುದು ಬೇರೊಂದು ಗಟ್ಟಿ ಜಾತಿ. ಅಮೆರಿಕದಲ್ಲಿ ಆ ಕೆಳಗಿನದು ಬಹಳ ಸಲ ಡಾಕ್ಟರ್ ಹ್ಯೂಯಿ ಅನ್ನುವ ಗುಲಾಬಿ. ನನ್ನ ಹಳದಿ ಗಿಡ ಒಂದು ಚಳಿಗಾಲ ಕಳೆದು ಜೋರಾಗಿ ಚಿಗುರಿತು. ಬಳ್ಳಿಯ ಹಾಗೆ ಆರಡಿ ಉದ್ದ ಹೋಯಿತು. ಜೂನ್‌ನಲ್ಲಿ ಹೂವು ಬಿಟ್ಟರೆ ಪೂರ್ತಿ ಕಡುಗೆಂಪು, ಮಧ್ಯೆ ಹಳದಿ ಕೇಸರ. ಒಂದೇ ಸಲ ಬಿಟ್ಟಿತು, ಮುಗಿಯಿತು. ಮೇಲಿನ ಗಿಡ ಸತ್ತು ಕೆಳಗಿನ ಡಾಕ್ಟರ್ ಎದ್ದು ಕೂತಿದ್ದ! ಅಮ್ಮನಿಗೆ ಹೇಳಿದರೆ "ಬಾಡಿಗೆಗಿದ್ದವನು ಮನೆಯನ್ನೇ ಹೊಡ್ಕೊಂಡ ಹಾಗಾಯ್ತು" ಅಂತ ನಕ್ಕರು.

ಹಾಗಾಗಿ ಕಸಿ ಗಿಡ ನೆಡುವಾಗಲೇ ಅರ್ಧ ಕೆಲಸ ಮುಗಿಸಬೇಕು. ನಮ್ಮ ಕಡೆ ಕಸಿ ಗಂಟು ಮಣ್ಣಿನ ಮೇಲೆ ಕಾಣುವ ಹಾಗೆ ನೆಡುತ್ತಾರೆ. ಚಳಿ ಊರಿನಲ್ಲಿ ಅದನ್ನು ಎರಡರಿಂದ ನಾಲ್ಕು ಇಂಚು ಮಣ್ಣಿನ ಒಳಗೆ ಇಳಿಸಿ ನೆಡಿ. ಈಗಾಗಲೇ ಮೇಲೆ ನೆಟ್ಟಿದ್ದರೆ ಹೊದಿಕೆಯಲ್ಲಿ ಜಿಪುಣತನ ಮಾಡಬೇಡಿ.

ಸ್ವಂತ ಬೇರಿನ ಗಿಡದ ಕಥೆಯೇ ಬೇರೆ. ಮೇಲೆಲ್ಲ ಸತ್ತರೂ ಬೇರಿನಿಂದ ಅದೇ ಹೂವಿನ ಗಿಡ ಏಳುತ್ತದೆ. ವಿಸ್ಕಾನ್ಸಿನ್‌ನ ವಿಲಿಯಂ ರಾಡ್ಲರ್ ಬೆಳೆಸಿ 2000ದಲ್ಲಿ ಮಾರುಕಟ್ಟೆಗೆ ಬಂದ ನಾಕ್ ಔಟ್ ಹಾಗೆ ಸಿಗುತ್ತದೆ. ನಮ್ಮ ಬೀದಿಯಲ್ಲಿ ಅದು ಹಿಮದ ಮಟ್ಟದ ತನಕ ಸುಟ್ಟುಹೋಗುತ್ತದೆ, ಜೂನ್ ಕೊನೆಗೆ ಮತ್ತೆ ಹೂವು. ಯಾರೂ ಅದಕ್ಕೆ ಏನೂ ಹೊದಿಸುವುದಿಲ್ಲ. ಪರಿಮಳವೂ ಏನೂ ಇಲ್ಲ, ಆ ಮಾತು ಬೇರೆ.

ಇನ್ನು ಚಳಿಗೆಂದೇ ಹುಟ್ಟಿದವು. ಕೆನಡಾ ಸರ್ಕಾರದ ಕೃಷಿ ಇಲಾಖೆಗಾಗಿ ಒಟ್ಟಾವಾದಲ್ಲಿ ಫೆಲಿಸಿಟಾಸ್ ಸ್ವೇಡಾ ಅನ್ನುವ ವಿಜ್ಞಾನಿ ವರ್ಷಗಟ್ಟಲೆ ಕೂತು ಎಕ್ಸ್‌ಪ್ಲೋರರ್ ಸಾಲಿನ ಗುಲಾಬಿಗಳನ್ನು ಬೆಳೆಸಿದರು. ಎಲ್ಲಕ್ಕೂ ಹಳೆಯ ನಾವಿಕರ, ಅನ್ವೇಷಕರ ಹೆಸರು: ಜಾನ್ ಕ್ಯಾಬಟ್, ವಿಲಿಯಂ ಬ್ಯಾಫಿನ್, ಮಾರ್ಟಿನ್ ಫ್ರಾಬಿಷರ್. ಮ್ಯಾನಿಟೋಬಾದ ಮಾರ್ಡನ್ ಊರಿನಿಂದ ಮಾರ್ಡನ್ ಬ್ಲಶ್, ಮಾರ್ಡನ್ ಸೆಂಟೆನಿಯಲ್ ಬಂದವು. ಅಯೋವಾದ ಗ್ರಿಫಿತ್ ಬಕ್ ತಮ್ಮ ಗಿಡಗಳಿಗೆ ಚಳಿಗಾಲದಲ್ಲಿ ಹೊದಿಕೆಯನ್ನೇ ಹಾಕುತ್ತಿರಲಿಲ್ಲ. ಬದುಕಿದ್ದನ್ನು ಇಟ್ಟುಕೊಂಡು ಬೆಳೆಸುತ್ತಿದ್ದರು. ಅವರ ಕೇರ್‌ಫ್ರೀ ಬ್ಯೂಟಿ ನಾಕ್ ಔಟ್‌ನ ವಂಶದಲ್ಲೇ ಇದೆ. ಮಿನೆಸೋಟಾ ವಿಶ್ವವಿದ್ಯಾಲಯದವರು ಕೊಟ್ಟ ಲೀನಾ, ಓಲೆ, ಸ್ವೆನ್, ಸಿಗ್ರಿಡ್ ಚಿಕ್ಕ ಗಿಡಗಳು, ಪುಟ್ಟ ಪುಟ್ಟ ಹೂವಿನ ಗೊಂಚಲು. ರುಗೋಸಾ ಜಾತಿಯಂತೂ ಇವೆಲ್ಲಕ್ಕಿಂತ ಮೊಂಡು. ಮುಳ್ಳು ಜಾಸ್ತಿ, ಎಲೆ ಸುಕ್ಕು ಸುಕ್ಕು, ಪರಿಮಳ ಲವಂಗದ ಹಾಗೆ. ರಸ್ತೆ ಪಕ್ಕ ಉಪ್ಪು ಸುರಿದರೂ ತಡೆದುಕೊಳ್ಳುತ್ತದೆ.

ವರ್ಷಕ್ಕೆ ಎರಡು ವಾರಾಂತ್ಯ ಗುಲಾಬಿಗೆ ಕೊಡುವ ಪುರುಸೊತ್ತು ನಿಮಗಿಲ್ಲ ಅಂದರೆ ಇಲ್ಲಿಗೇ ಓದು ನಿಲ್ಲಿಸಿ, ಈ ಗಿಡಗಳಲ್ಲಿ ಎರಡು ತನ್ನಿ. ನನ್ನ ಎಂಟು ಗಿಡಗಳಲ್ಲಿ ಐದು ಈಗ ಇಂಥವೇ. ಆದರೆ ಮಿಸ್ಟರ್ ಲಿಂಕನ್‌ನ ಆ ಕಪ್ಪುಗೆಂಪು, ಮೂಗಿಗಿಟ್ಟರೆ ಮನೆ ದೇವರ ಕೋಣೆ ನೆನಪಾಗುವ ಆ ಪರಿಮಳ ಇವುಗಳಲ್ಲಿಲ್ಲ. ಅದು ಬೇಕೇ ಬೇಕು ಅನ್ನುವವರಿಗೆ ಮುಂದಿನದು.

ಬುಡಕ್ಕೆ ಮಣ್ಣು ಏರಿಸುವುದು

ಆಲೂಗಡ್ಡೆಗೆ, ಕಬ್ಬಿಗೆ ಮಣ್ಣು ಏರಿಸುವುದನ್ನು ನೋಡಿದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಗಿಡದ ಬುಡದ ಸುತ್ತ ಹತ್ತರಿಂದ ಹನ್ನೆರಡು ಇಂಚು ಎತ್ತರಕ್ಕೆ ಮಣ್ಣಿನ ಗುಪ್ಪೆ ಮಾಡುವುದು. ಒಳಗೆ ಮುಳುಗಿದ ಕಡ್ಡಿ ಬದುಕುತ್ತದೆ. ಹೊರಗೆ ಉಳಿದದ್ದು ಸಾಯುತ್ತದೆ, ಸಾಯಲಿ. ಹೈಬ್ರಿಡ್ ಟೀ ಹೇಗಿದ್ದರೂ ಹೊಸ ಕಡ್ಡಿಯಲ್ಲೇ ಹೂ ಬಿಡುವುದು.

ಎರಡು ಎಚ್ಚರಿಕೆ. ಮಣ್ಣನ್ನು ಬೇರೆ ಕಡೆಯಿಂದ ತನ್ನಿ. ಅದೇ ಪಾತಿಯಿಂದ ಗೋರಿ ಹಾಕಿದರೆ ಬುಡ ಮುಚ್ಚುತ್ತದೆ, ಪಕ್ಕದ ಬೇರು ಬರಿಮೈ ಆಗುತ್ತದೆ. ಒಂದು ಗಿಡಕ್ಕೆ ಸುಮಾರು ಒಂದು ಘನ ಅಡಿ ಬೇಕು, ಅಂಗಡಿಯಲ್ಲಿ ಸಿಗುವ ಒಂದು ಮೂಟೆಯಷ್ಟು. ನಾನು ಅರ್ಧ ಮಣ್ಣು, ಅರ್ಧ ಕಾಂಪೋಸ್ಟ್ ಬೆರೆಸುತ್ತೇನೆ. ವಸಂತಕ್ಕೆ ಅದನ್ನೇ ಪಾತಿಗೆ ಹರಡಿದರೆ ಗೊಬ್ಬರವೂ ಆಯಿತು.

ಎರಡನೆಯದು ಹೊತ್ತು. ಮೊದಲ ಇಬ್ಬನಿ ಹೆಪ್ಪುಗಟ್ಟಿದ ದಿನವೇ ಗಾಬರಿಯಿಂದ ಓಡಬೇಡಿ. ನಾಲ್ಕಾರು ಒಳ್ಳೆಯ ಚಳಿ ರಾತ್ರಿಗಳು ಗಿಡದ ಮೇಲೆ ಬೀಳಲಿ, ಗಿಡ ಗಟ್ಟಿಯಾಗಲಿ. ಇಲ್ಲಿ ಅದು ನವೆಂಬರ್ ಮೊದಲೆರಡು ವಾರ. ಆದರೆ ಮಣ್ಣಿನ ಮೂಟೆಯನ್ನು ಮೊದಲೇ ತಂದು ಗ್ಯಾರೇಜಿನಲ್ಲಿಡಿ. ಒಂದು ವರ್ಷ ಹೊರಗಿಟ್ಟಿದ್ದೆ. ಬೇಕಾದಾಗ ನೋಡಿದರೆ ಮೂಟೆಗೆ ಮೂಟೆಯೇ ಬಂಡೆ.

ಗುಪ್ಪೆಯ ಮೇಲೆ ತರಗೆಲೆ ಹಾಕಿ ಸುತ್ತ ತಂತಿ ಬಲೆ ಕಟ್ಟಿದರೆ ಇನ್ನೂ ಒಳ್ಳೆಯದು. ಓಕ್ ಎಲೆ ಸಿಕ್ಕರೆ ಬಿಡಬೇಡಿ. ಅದು ಗರಿಗರಿಯಾಗಿ ಸುರುಳಿ ಸುತ್ತಿಕೊಂಡೇ ಇರುತ್ತದೆ, ಮಧ್ಯೆ ಗಾಳಿ ನಿಲ್ಲುತ್ತದೆ. ಮೇಪಲ್ ಎಲೆ ಮಳೆ ಬಿದ್ದ ಕೂಡಲೇ ಒದ್ದೆ ಹಪ್ಪಳದ ಹಾಗೆ ಒಂದಕ್ಕೊಂದು ಅಂಟಿಕೊಂಡು ಕೊಳೆಯುತ್ತದೆ. ಅಕ್ಟೋಬರ್‌ನಲ್ಲಿ ಜನ ಎಲೆ ಗುಡಿಸಿ ಚೀಲಕ್ಕೆ ತುಂಬಿ ರಸ್ತೆ ಬದಿಗಿಡುತ್ತಾರೆ. ನಾನು ಕೇಳಿಯೇ ಕಾರಿಗೆ ಹಾಕಿಕೊಂಡು ಬರುತ್ತೇನೆ. ನಮ್ಮೆಜಮಾನರಿಗೆ ಮೊದಲೆರಡು ವರ್ಷ ಬಹಳ ನಾಚಿಕೆಯಾಯಿತು. ಈಗ ಅವರೇ "ಆ ಮೂಲೆ ಮನೆಯಲ್ಲಿ ಓಕ್ ಇದೆ" ಅನ್ನುತ್ತಾರೆ.

ಹುಲ್ಲು ಮಾತ್ರ ಬೇಡ. ಭತ್ತದ ಹುಲ್ಲಿನ ಮೆದೆಯಲ್ಲಿ ಇಲಿ ಸೇರುವ ಹಾಗೆ ಇಲ್ಲಿನ ಗೋಧಿ ಹುಲ್ಲಿಗೂ ಸೇರುತ್ತವೆ. ಮೋಟು ಬಾಲದ ವೋಲ್ ಅನ್ನುವ ಇಲಿ ಇದೆ. ಹಿಮದ ಅಡಿಯಲ್ಲಿ ಸುರಂಗ ಮಾಡಿಕೊಂಡು ಬಂದು ಬುಡದ ತೊಗಟೆಯನ್ನು ಬಳೆ ಹಾಕಿದ ಹಾಗೆ ಸುತ್ತಲೂ ಕೆರೆದು ತಿನ್ನುತ್ತದೆ. ಸುತ್ತು ಪೂರ್ತಿಯಾದರೆ ಆ ಕಡ್ಡಿ ಹೋಯಿತು. ಮೊಲ ಮೇಲಿನಿಂದ ಬರುತ್ತದೆ, ಚಾಕುವಿನಲ್ಲಿ ಓರೆಯಾಗಿ ಕತ್ತರಿಸಿದ ಹಾಗೆ ಕಡ್ಡಿ ತುಂಡು ಮಾಡುತ್ತದೆ. ತಂತಿ ಬಲೆ ಎರಡು ಮೂರು ಅಡಿ ಎತ್ತರ ಇರಲಿ. ಹಿಮ ಏರಿದ ಹಾಗೆ ಮೊಲವೂ ಅದರ ಮೇಲೆ ನಿಂತು ಎತ್ತರವಾಗುತ್ತದೆ ಅಲ್ವಾ!

ಗಿಡವನ್ನೇ ಮಲಗಿಸುವುದು

ಇದು ನಮ್ಮ ರಾಜ್ಯದ ಹೆಸರಿನಲ್ಲೇ ಇದೆ, ಮಿನೆಸೋಟಾ ಟಿಪ್ (ಟಿಪ್ ಅಂದರೆ ಓರೆ ಮಾಡುವುದು). ಇಲ್ಲಿನ ಆಲ್ಬರ್ಟ್ ನೆಲ್ಸನ್ ಅನ್ನುವವರು ರೂಢಿಗೆ ತಂದ ಉಪಾಯ. ಗಿಡವನ್ನು ಕತ್ತರಿಸುವುದಿಲ್ಲ, ಸುತ್ತುವುದಿಲ್ಲ. ಹಾಗೇ ಬುಡಸಮೇತ ಓರೆ ಮಾಡಿ ನೆಲದೊಳಗೆ ಮಲಗಿಸಿ ಹೂಳುತ್ತಾರೆ. ಮಿನಿಯಾಪೊಲಿಸ್‌ನ ಹ್ಯಾರಿಯೆಟ್ ಕೆರೆಯ ಹತ್ತಿರ ಲಿಂಡೇಲ್ ಪಾರ್ಕಿನ ಗುಲಾಬಿ ತೋಟ ಇದೆ. 1908ರದ್ದು, ಥಿಯೊಡೋರ್ ವಿರ್ತ್ ಮಾಡಿಸಿದ್ದು, ಅಮೆರಿಕದ ಸಾರ್ವಜನಿಕ ಗುಲಾಬಿ ತೋಟಗಳಲ್ಲಿ ಎರಡನೇ ಹಳೆಯದು. ಅಲ್ಲೂ ಇದೇ ಪದ್ಧತಿ. ಚಳಿಗಾಲದ ಹೊತ್ತಿಗೆ ಹೋದರೆ ಹೂವಿನ ಸಾಲಿದ್ದ ಕಡೆ ಬರೀ ಎಲೆಯ ದಿಬ್ಬ.

ನನಗೆ ಕಲಿಸಿದವರು ಪಕ್ಕದ ಮನೆಯ ಅಜ್ಜ. ಎಂಬತ್ತರ ಮೇಲೆ ವಯಸ್ಸು. ಮಾತು ಕಡಿಮೆ. ಅಕ್ಟೋಬರ್ ಮಧ್ಯದ ಒಂದು ಶನಿವಾರ ಮಣ್ಣು ಅಗೆಯುವ ಫೋರ್ಕ್ ಹಿಡಿದು ಬಂದರು. ಹಿಂದಿನ ದಿನವೇ ನೀರು ಕಟ್ಟಲು ಹೇಳಿದ್ದರಿಂದ ಮಣ್ಣು ಮೆತ್ತಗಿತ್ತು.

ಮೊದಲು ಎಲೆಗಳನ್ನೆಲ್ಲ ಕಿತ್ತೆವು, ರೋಗದ ಕಪ್ಪು ಚುಕ್ಕೆ ಇರುವ ಎಲೆ ಜೊತೆಗೆ ಹೋಗಬಾರದಲ್ಲ. ಕಡ್ಡಿಗಳನ್ನೆಲ್ಲ ಒಟ್ಟು ಮಾಡಿ ಪೊರಕೆ ಕಟ್ಟಿದ ಹಾಗೆ ಕಟ್ಟಿದರು. ದಾರ ನೈಲಾನಿನದೋ ಪಾಲಿಯೆಸ್ಟರಿನದೋ ಇರಬೇಕು, ಸೆಣಬಿನ ಹುರಿ ಮಣ್ಣಿನಲ್ಲಿ ಕೊಳೆಯುತ್ತದೆ. ಗಿಡದ ಒಂದು ಪಕ್ಕಕ್ಕೆ ಗಿಡದಷ್ಟೇ ಉದ್ದದ ಕಾಲುವೆ ತೋಡಿದೆವು, ಕಟ್ಟು ಹಿಡಿಯುವಷ್ಟು ಅಗಲ. ಆಮೇಲೆ ಬುಡದಿಂದ ಸ್ವಲ್ಪ ದೂರದಲ್ಲಿ ಸುತ್ತ ಫೋರ್ಕ್ ಚುಚ್ಚಿ ಮಣ್ಣು ಸಡಿಲ ಮಾಡಿದರು. ಕಾಲುವೆಯ ಎದುರು ಬದಿಯಲ್ಲಿ ಫೋರ್ಕನ್ನು ಆಳಕ್ಕೆ ತೂರಿಸಿ ಮೆಲ್ಲಗೆ ಮೀಟಿದರು. ನಾನು ಕಟ್ಟಿನ ತುದಿ ಹಿಡಿದು ಎಳೆಯಹೋದೆ. "ಕಡ್ಡಿ ಬಗ್ಗಿಸಬೇಡ, ಬೇರು ಬಗ್ಗಿಸು" ಅಂದರು. ಆ ಇಡೀ ಬೆಳಿಗ್ಗೆ ಅವರು ಆಡಿದ ದೊಡ್ಡ ಮಾತು ಅದೊಂದೇ.

ಕೇಳಿದಾಗ ತಲೆಕೆಳಗು ಅನ್ನಿಸಿತು. ಕಡ್ಡಿ ಬಗ್ಗಿದರೆ ಕಸಿ ಗಂಟಿನ ಹತ್ತಿರ ಪಟ್ಟನೆ ಮುರಿಯುತ್ತದೆ. ಬೇರು ಹಾಗಲ್ಲ, ಸಡಿಲ ಮಣ್ಣಿನಲ್ಲಿ ನಿಧಾನಕ್ಕೆ ಓಲುತ್ತದೆ. ಆಚೆ ಬದಿಯ ಒಂದೆರಡು ಬೇರು ಟಕ್ ಅಂತ ತುಂಡಾದ ಸದ್ದು ಕೇಳಿತು. ಅಜ್ಜ ತಲೆ ಎತ್ತಲೂ ಇಲ್ಲ. ಗಿಡ ಕಾಲುವೆಯಲ್ಲಿ ಮಗುವಿನ ಹಾಗೆ ಮಲಗಿತು. ಮೇಲೆ ಎರಡು ಮೂರು ಇಂಚು ಮಣ್ಣು ಮುಚ್ಚಿ, ಕಟ್ಟಿದ ದಾರದ ತುದಿಯನ್ನು ಮಾತ್ರ ಹೊರಗೆ ಬಿಟ್ಟರು. ಏಪ್ರಿಲ್‌ನಲ್ಲಿ ಗಿಡ ಎಲ್ಲಿದೆ ಅಂತ ಗೊತ್ತಾಗಬೇಡವೇ? ನವೆಂಬರ್‌ನಲ್ಲಿ ಮಣ್ಣು ಗಟ್ಟಿಯಾಗತೊಡಗಿದಾಗ ಮೇಲೆ ಒಂದೂವರೆ ಅಡಿ ಎಲೆ. ಚೀಲಸಮೇತ ಹೊರಿಸಿದರೂ ನಡೆಯುತ್ತದೆ.

ಫಲ ಏನು? ಏಪ್ರಿಲ್‌ನಲ್ಲಿ ಎಬ್ಬಿಸಿದಾಗ ಕಡ್ಡಿ ತುದಿಯ ತನಕ ಹಸಿರು. ಮಣ್ಣು ಏರಿಸಿದ ಗಿಡ ಒಂದಡಿಯಿಂದ ಶುರು ಮಾಡಿದರೆ ಇದು ಮೂರಡಿಯಿಂದ ಶುರು ಮಾಡುತ್ತದೆ. ಹೂವೂ ಬೇಗ. ಕೆಲಸ ಮಾತ್ರ ಜಾಸ್ತಿ. ಇಬ್ಬರು ಸೇರಿದರೆ ಒಂದು ಗಿಡಕ್ಕೆ ಅರ್ಧ ಗಂಟೆ, ಆಮೇಲೆ ಎರಡು ದಿನ ಸೊಂಟ ನೋವು. ಹತ್ತು ವರ್ಷದ ದಪ್ಪ ಬುಡದ ಗಿಡವನ್ನು ಮೊದಲ ಸಲ ಮಲಗಿಸಲು ಹೋಗಬೇಡಿ, ಎಳೆಯದರಿಂದಲೇ ರೂಢಿ ಮಾಡಿಸಬೇಕು. ಗಿಡಗಳ ಮಧ್ಯೆ ಜಾಗವೂ ಬೇಕು. ನಾನು ಮಲಗಿಸುವುದು ಒಂದೇ ಒಂದನ್ನು, ಮಿಸ್ಟರ್ ಲಿಂಕನ್. ಅಜ್ಜ ಹದಿನಾಲ್ಕು ಮಲಗಿಸುತ್ತಿದ್ದರು.

ಬಳ್ಳಿ ಗುಲಾಬಿಗೂ ಇದರ ತಮ್ಮನಂಥ ಉಪಾಯ ಇದೆ. ಚಪ್ಪರದಿಂದ ಬಿಡಿಸಿ, ಕಟ್ಟು ಕಟ್ಟಿ, ನೆಲಕ್ಕೆ ಒರಗಿಸಿ, ಮಣ್ಣು ಎಲೆ ಮುಚ್ಚುವುದು. ಅಮೆರಿಕದ ಮೊಟ್ಟಮೊದಲ ಸಸ್ಯ ಪೇಟೆಂಟ್ ಪಡೆದ ನ್ಯೂ ಡಾನ್ ಬಳ್ಳಿಗೆ ನಮ್ಮಲ್ಲಿ ಇದು ಬೇಕು. ವಿಲಿಯಂ ಬ್ಯಾಫಿನ್ ಬಳ್ಳಿಗೆ ಏನೂ ಬೇಡ, ಚಪ್ಪರದ ಮೇಲೇ ಚಳಿ ಕಳೆಯುತ್ತದೆ. ಮುಳ್ಳಿನ ಬಳ್ಳಿಯನ್ನು ಪ್ರತಿ ವರ್ಷ ಬಿಡಿಸಿ ಕಟ್ಟುವುದಕ್ಕಿಂತ ನಾನಾದರೆ ಬ್ಯಾಫಿನ್ನನ್ನೇ ನೆಡುತ್ತೇನೆ.

ಥರ್ಮೋಕೋಲ್ ಟೋಪಿ ಮತ್ತು ಗೋಣಿ

ಅಂಗಡಿಯಲ್ಲಿ ಬಕೆಟ್ಟನ್ನು ಮಗುಚಿದ ಹಾಗಿರುವ ಬಿಳಿ ಥರ್ಮೋಕೋಲ್ ಟೋಪಿಗಳು ಸಿಗುತ್ತವೆ. ರೋಸ್ ಕೋನ್ ಅನ್ನುತ್ತಾರೆ. ನೋಡಿದರೆ ಇದಕ್ಕಿಂತ ಸುಲಭ ಯಾವುದೂ ಇಲ್ಲ ಅನ್ನಿಸುತ್ತದೆ. ನಾನೂ ಮೂರು ತಂದೆ. ಗಿಡ ಕತ್ತರಿಸಿ ಮುಚ್ಚಿ ಮೇಲೆ ಇಟ್ಟಿಗೆ ಇಟ್ಟೆ. ಮಾರ್ಚ್‌ನಲ್ಲಿ ತೆಗೆದರೆ ಒಳಗಿನಿಂದ ಮುಗ್ಗಲು ವಾಸನೆ. ಕಡ್ಡಿಯ ಮೇಲೆ ಬೂದು ಬೂಸ್ಟು, ಮಧ್ಯೆ ಹತ್ತಿಯಂತೆ ಬಿಳಿಚಿಕೊಂಡ ಎಳೆ ಚಿಗುರು. ಫೆಬ್ರವರಿಯ ಬಿಸಿಲಿಗೆ ಟೋಪಿಯ ಒಳಗೆ ಇಡ್ಲಿ ಪಾತ್ರೆಯ ಹಾಗೆ ಹಬೆ ಕಟ್ಟಿ, ಗಿಡ ಬೇಸಿಗೆ ಬಂತು ಅಂದುಕೊಂಡು ಎದ್ದಿತ್ತು. ರಾತ್ರಿಯ ಚಳಿ ಅದನ್ನು ಹಾಗೇ ಬಡಿದು ಹಾಕಿತ್ತು.

ಟೋಪಿಯೇ ಬೇಕು ಅನ್ನುವವರು ಮೇಲ್ಗಡೆ ನಾಲ್ಕಾರು ತೂತು ಕೊರೆಯಿರಿ. ಮಣ್ಣು ಹೆಪ್ಪುಗಟ್ಟಿದ ಮೇಲೇ ಇಡಿ. ಅದಕ್ಕೂ ಮುಂಚೆ ಬುಡಕ್ಕೆ ಮಣ್ಣು ಏರಿಸಿರಿ. ಬೆಚ್ಚಗಿನ ದಿನ ಎತ್ತಿ ಗಾಳಿ ಆಡಿಸಿ. ಇಷ್ಟೆಲ್ಲ ಮಾಡುವ ಹೊತ್ತಿಗೆ ಸುಲಭ ಅನ್ನುವ ಮಾತೇ ಉಳಿಯುವುದಿಲ್ಲ. ನನ್ನ ಮೂರು ಟೋಪಿಗಳು ಈಗ ಮಕ್ಕಳ ಹಿಮಮಾನವನ ತಲೆ ಮೇಲೆ ಕೂರುತ್ತವೆ.

ಗೋಣಿ ಬಟ್ಟೆ ಸುತ್ತುವುದು ಬೇರೆ ಲೆಕ್ಕ. ಅದು ಚಳಿ ತಡೆಯುವುದಿಲ್ಲ, ಗಾಳಿ ಮತ್ತು ಬಿಸಿಲು ತಡೆಯುತ್ತದೆ. ಬಯಲು ಗಾಳಿ ಬಡಿಯುವ ಮೂಲೆಯಲ್ಲಿ ಗಿಡ ಇದ್ದರೆ, ಎತ್ತರದ ಪೊದೆ ಗುಲಾಬಿಯಾದರೆ, ನಾಲ್ಕು ಗೂಟ ನೆಟ್ಟು ಸುತ್ತ ಗೋಣಿ ಕಟ್ಟಿ. ಬುಡಕ್ಕೆ ಮಣ್ಣು ಏರಿಸಿಯೇ ಕಟ್ಟಿ, ಬರೀ ಗೋಣಿ ನಂಬಬೇಡಿ. ಪ್ಲಾಸ್ಟಿಕ್ ಹಾಳೆ ಸುತ್ತುವುದು ಬೇಡವೇ ಬೇಡ. ಟೋಪಿಯ ಕಥೆಯೇ ಅಲ್ಲೂ ಆಗುತ್ತದೆ, ಇನ್ನೂ ಜೋರಾಗಿ.

ಕುಂಡದ ಗುಲಾಬಿ

ಅಪಾರ್ಟ್‌ಮೆಂಟಿನ ಬಾಲ್ಕನಿಯವರಿಗೆ ಇದೊಂದೇ ದಾರಿ. ನೆಲದಲ್ಲಿರುವ ಬೇರಿಗೆ ಭೂಮಿಯ ಆಸರೆ ಇದೆ, ಕುಂಡದ ಬೇರಿಗೆ ನಾಲ್ಕೂ ಕಡೆಯಿಂದ ಚಳಿ. ನೆಲದಲ್ಲಿ ಏನೂ ಹೊದಿಸದೆ ಬದುಕುವ ಜಾತಿಯೂ ಕುಂಡದಲ್ಲಿ ಹೊರಗಿಟ್ಟರೆ ಸಾಯಬಹುದು.

ಮನೆಯೊಳಗೆ ಕಿಟಕಿ ಪಕ್ಕ ತಂದಿಡಬೇಡಿ. ಹೀಟರಿನ ಒಣ ಬಿಸಿಗೆ ಗಿಡಕ್ಕೆ ನಿದ್ದೆಯೇ ಬರುವುದಿಲ್ಲ. ಸಪೂರ ಚಿಗುರು ಬಿಟ್ಟು, ಕೆಂಪು ನುಸಿ ಹತ್ತಿ, ಫೆಬ್ರವರಿಯಲ್ಲಿ ಕೈ ಚೆಲ್ಲುತ್ತದೆ. ಅದಕ್ಕೆ ಬೇಕಾದದ್ದು ಹೀಟರ್ ಇಲ್ಲದ ಗ್ಯಾರೇಜ್, ಮನೆಗೆ ಅಂಟಿಕೊಂಡ ಗೋಡೆಯ ಪಕ್ಕ. ಅಲ್ಲಿ ಸೊನ್ನೆಯ ಆಸುಪಾಸು, ಐದು ಡಿಗ್ರಿ ಮೇಲೆ ಕೆಳಗೆ ಇದ್ದರೆ ಹೇಳಿ ಮಾಡಿಸಿದ ಹಾಗೆ. ಬೆಳಕು ಬೇಡ, ಎಲೆ ಉದುರಿರುತ್ತದೆ. ತಿಂಗಳಿಗೊಮ್ಮೆ ಒಂದೆರಡು ಲೋಟ ನೀರು. ಜನ ಮರೆಯುವುದೇ ಇದನ್ನು. ಚಳಿಗೆ ಸತ್ತಿತು ಅಂದುಕೊಳ್ಳುವ ಕುಂಡದ ಗಿಡಗಳಲ್ಲಿ ಎಷ್ಟೋ ಬಾಯಾರಿ ಸತ್ತವು. ಗ್ಯಾರೇಜ್ ಇಲ್ಲ, ಆದರೆ ಗೆಳತಿಯ ಮನೆ ಹಿತ್ತಿಲಿದೆ ಅಂದರೆ ಅಲ್ಲಿ ಕುಂಡಸಮೇತ ಹೂತು ಮೇಲೆ ಎಲೆ ಮುಚ್ಚಿ ಬನ್ನಿ.

ನೀವು ಇರುವ ಊರಿಗೆ ಯಾವುದು?

ಅಮೆರಿಕದ ಕೃಷಿ ಇಲಾಖೆ ಊರುಗಳನ್ನು ಚಳಿಯ ಪ್ರಕಾರ ಝೋನ್‌ಗಳಾಗಿ ಹಂಚಿದೆ. ಗಿಡದ ಚೀಟಿಯ ಮೇಲೂ ಆ ಸಂಖ್ಯೆ ಇರುತ್ತದೆ. 2023ರ ಹೊಸ ನಕ್ಷೆಯಲ್ಲಿ ಮಿನಿಯಾಪೊಲಿಸ್ 4ರಿಂದ 5ಕ್ಕೆ ಬಂತು. ಅಂದರೆ ವರ್ಷದ ಅತಿ ಚಳಿ ರಾತ್ರಿ ಸರಾಸರಿ ಸೊನ್ನೆಗಿಂತ 23ರಿಂದ 29 ಡಿಗ್ರಿ ಕೆಳಗೆ. ಸರಾಸರಿ ಅನ್ನುವುದನ್ನು ಮರೆಯಬೇಡಿ, 2019ರಂಥ ಒಂದು ರಾತ್ರಿ ಸಾಕು. ಅದಕ್ಕೇ ನಾನು ಇನ್ನೂ 4 ಅಂತ ಬರೆದ ಗಿಡವನ್ನೇ ಕೊಳ್ಳುವುದು.

ಮಿನೆಸೋಟಾ, ಡಕೋಟಾ, ವಿನಿಪೆಗ್ ಕಡೆ ಇದ್ದರೆ ಹೈಬ್ರಿಡ್ ಟೀಯನ್ನು ಮಲಗಿಸಿ, ಇಲ್ಲವೇ ಅದರ ಆಸೆ ಬಿಡಿ. ಮಣ್ಣು ಏರಿಸಿದರೂ ಬದುಕಬಹುದು, ಆದರೆ ಹಿಮ ಕಡಿಮೆ ಬಿದ್ದ ವರ್ಷ ಜೂಜು. ಚಿಕಾಗೊ, ಟೊರೊಂಟೊ, ಬಫಲೊದಲ್ಲಿ ಮಣ್ಣು ಏರಿಸಿ ಎಲೆ ಹಾಕಿದರೆ ಸಾಕು, ಮಲಗಿಸುವುದು ಹೆಚ್ಚುವರಿ ಪ್ರೀತಿ. ನ್ಯೂಜೆರ್ಸಿಯವರು ಆರೆಂಟು ಇಂಚು ಏರಿಸಿ ನಿಶ್ಚಿಂತೆಯಾಗಿರಿ. ಲಂಡನ್ನಿನ ಗೆಳತಿ ಕೇಳಿದಾಗ "ಏನೂ ಮಾಡಬೇಡ, ಸುಮ್ನೆ ಚಹಾ ಕುಡಿ" ಅಂದೆ. ಕ್ಯಾಲ್ಗರಿಯದು ವಿಚಿತ್ರ. ಅಲ್ಲಿ ನಡುಚಳಿಗಾಲದಲ್ಲಿ ಶಿನೂಕ್ ಅನ್ನುವ ಬಿಸಿಗಾಳಿ ಬೀಸಿ ಹಿಮವನ್ನೆಲ್ಲ ಕರಗಿಸಿಬಿಡುತ್ತದೆ, ಮತ್ತೆ ಚಳಿ ಬಡಿಯುತ್ತದೆ. ಅಲ್ಲಿಗೆ ರುಗೋಸಾ, ಎಕ್ಸ್‌ಪ್ಲೋರರ್ ಬಿಟ್ಟು ಬೇರೆ ಹೇಳಲು ನನಗೆ ಧೈರ್ಯವಿಲ್ಲ.

ತೆಗೆಯುವ ಹೊತ್ತು

ಮಾರ್ಚ್‌ನ ಮೊದಲ ಬಿಸಿಲಿಗೆ ಕೈ ತುರಿಸುತ್ತದೆ. ತಡೆಯಿರಿ. ನಮ್ಮಲ್ಲಿ ಏಪ್ರಿಲ್ ಮೊದಲ ವಾರ ಎಲೆಯನ್ನು ಪದರ ಪದರವಾಗಿ ತೆಗೆಯತೊಡಗುತ್ತೇನೆ. ಕೆಳಗಿನ ಎಲೆ ಮಂಜುಗಡ್ಡೆಯಾಗಿ ಅಂಟಿದ್ದರೆ ಕೀಳುವುದಿಲ್ಲ, ಅದರಷ್ಟಕ್ಕೆ ಕರಗಲಿ. ಏಪ್ರಿಲ್ ಮಧ್ಯಕ್ಕೆ ಮಣ್ಣಿನ ಗುಪ್ಪೆಯನ್ನು ಸಲಿಕೆಯಿಂದಲ್ಲ, ಕೈಯಿಂದ ಸರಿಸಿ, ಉಳಿದದ್ದನ್ನು ಪೈಪಿನ ಮೆಲ್ಲನೆ ನೀರಿನಿಂದ ತೊಳೆಯುತ್ತೇನೆ. ಒಳಗೆ ಎಳೆ ಮೊಗ್ಗು ಉಬ್ಬಿರುತ್ತದೆ, ಉಗುರು ತಾಗಿದರೂ ಉದುರುತ್ತದೆ. ಮೋಡ ಮುಚ್ಚಿದ ದಿನ ಸಿಕ್ಕರೆ ಒಳ್ಳೆಯದು. ಐದು ತಿಂಗಳು ಕತ್ತಲಲ್ಲಿದ್ದದ್ದಕ್ಕೆ ಒಮ್ಮೆಗೇ ಸುಡು ಬಿಸಿಲು ಬೇಡ. ಪಕ್ಕದಲ್ಲೇ ಹಳೆಯ ಬೆಡ್‌ಶೀಟ್ ಇಟ್ಟುಕೊಳ್ಳಿ, ಮೇ ಮೊದಲ ವಾರದ ತನಕ ಇಬ್ಬನಿ ಹೆಪ್ಪುಗಟ್ಟುವ ರಾತ್ರಿ ಬರುತ್ತಲೇ ಇರುತ್ತದೆ.

ಮೈಸೂರಿನಲ್ಲಿ ಅಕ್ಟೋಬರ್‌ನಲ್ಲಿ ಆಡಿಸಬೇಕಾದ ಕತ್ತರಿಯನ್ನು ಇಲ್ಲಿ ಆಡಿಸುವುದು ಈಗ. ಕಡ್ಡಿಯನ್ನು ಮೇಲಿನಿಂದ ಇಂಚು ಇಂಚಾಗಿ ಕತ್ತರಿಸುತ್ತ ಬನ್ನಿ. ಒಳಗಿನ ಬೆಂಡು ಕಂದು ಇದ್ದರೆ ಸತ್ತಿದೆ, ಇನ್ನೂ ಕೆಳಗೆ ಇಳಿಯಿರಿ. ಸೇಬಿನ ತಿರುಳಿನಂತೆ ಬಿಳಿ ಕಂಡ ಕಡೆ ನಿಲ್ಲಿಸಿ. ಪೂರ್ತಿ ಕಂದು ಅಂತ ಕಿತ್ತೆಸೆಯಬೇಡಿ, ಜೂನ್ ಮೊದಲ ವಾರದ ತನಕ ಕಾಯಿರಿ. ಮೊದಲ ವರ್ಷ ನಾನು ಸತ್ತವು ಅಂತ ಕಿತ್ತ ನಾಲ್ಕರಲ್ಲಿ ಒಂದರ ಬುಡದಲ್ಲಿ, ಕಸದ ಚೀಲಕ್ಕೆ ಹಾಕುವಾಗ, ಅಕ್ಕಿ ಕಾಳಿನಷ್ಟು ಕೆಂಪು ಮೊಳಕೆ ಇತ್ತು.